ಮಾವನವರು ರೇಡಿಯೇಟರ್ ಬದಲಿಸಿದ್ದು

ನಮ್ಮ ಮನೆಯಲ್ಲಿ ಯಾವ ವಸ್ತುವೂ ತನ್ನ ಪಾಡಿಗೆ ತಾನು ಕೆಟ್ಟು ಮೂಲೆ ಸೇರುವುದಿಲ್ಲ. ಮಾವನವರು ಊರಿಂದ ಬರುವ ದಿನ ನೋಡಿಕೊಂಡು ಕೆಡುತ್ತದೆ. ಮಿಕ್ಸಿ ಹಾಗೇ ಹೋಯಿತು, ಗೋಡೆ ಗಡಿಯಾರ ಹಾಗೇ ಹೋಯಿತು. ಈ ವರ್ಷ ಕಾರಿನ ಸರದಿ.

ನಾನು ತಿಪಟೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಮಾಡುವವನು. ಮಾವನವರದು ಹಂದನಕೆರೆ ಕಡೆ ತೆಂಗಿನ ತೋಟ. ಪಂಪ್‌ಸೆಟ್ಟಿನಿಂದ ಹಿಡಿದು ಅತ್ತೆಯ ಹೊಲಿಗೆ ಮಿಷಿನ್ನಿನವರೆಗೆ ಎಲ್ಲವನ್ನೂ ತಾವೇ ಬಿಚ್ಚುತ್ತಾರೆ. ಜೋಡಿಸುವುದಕ್ಕೆ ಬೇರೆಯವರು ಬರಬೇಕು. ಭಾಮೈದನಿಗೆ ತುರುವೇಕೆರೆಯಲ್ಲಿ ಹೆಣ್ಣು ನೋಡುವುದೆಂದು ಒಂದು ಭಾನುವಾರ ಗೊತ್ತಾಗಿತ್ತು. ಅದಕ್ಕಾಗಿ ಅತ್ತೆ ಮಾವನನ್ನು ಕರೆತರಲು ಬುಧವಾರವೇ ನನ್ನ ಹಳೇ ಕಾರಿನಲ್ಲಿ ಹಂದನಕೆರೆಗೆ ಹೋದೆ. ಹೋಗುವಾಗ ಕಾರು ಚೆನ್ನಾಗಿಯೇ ಇತ್ತು. ಬರುವಾಗ ಮಾವ ಒಳಗೆ ಕೂತರು.

೧. ತುಂಬ ಬಾಯಾರಿದವನು

ಅರ್ಧ ದಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಬಂತು. ಕಾರನ್ನು ನೆರಳಿಗೆ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಟ್ಟು ಮುಚ್ಚಳ ತೆಗೆದು ನೋಡಿದರೆ ರೇಡಿಯೇಟರ್‌ನಲ್ಲಿ ಒಂದು ತೊಟ್ಟು ನೀರಿಲ್ಲ. ನಾವು ತಂದಿದ್ದ ಬಾಟಲಿ ನೀರನ್ನು ಅತ್ತೆ ಆ ಅರ್ಧ ಗಂಟೆಯಲ್ಲಿ ಕುಡಿದು ಮುಗಿಸಿದ್ದರು. ಪಕ್ಕದ ತೋಟದಲ್ಲಿ ಕೊಳವೆಬಾವಿ ಇತ್ತು, ಕರೆಂಟಿರಲಿಲ್ಲ.

"ನೀರಿಲ್ಲ ಅಂತ ಯಾಕೆ ಒದ್ದಾಡ್ತೀರಿ ಅಳಿಯಂದ್ರೇ, ಒಂದ್ಸಲ ಮ್ಯಾಲೆ ನೋಡಿ" ಅಂದರು ಮಾವ.

ಮೇಲೆ ನೋಡಿದೆ. ಮರದ ತುಂಬ ಎಳನೀರು.

ತೋಟದವನು ಮಾವನಿಗೆ ಪರಿಚಯದವನೇ. ಸಂತೋಷದಿಂದ ದೋಟಿ ಹಿಡಿದು ಬಂದು, "ಕುಡಿಯೋರು ಎಷ್ಟು ಜನ ಗೌಡ್ರೇ?" ಅಂತ ಕೇಳಿದ.

"ಒಬ್ಬನೇ ಕಣಪ್ಪ. ಆದ್ರೆ ತುಂಬ ಬಾಯಾರಿದಾನೆ."

ಒಂಬತ್ತು ಎಳನೀರು ಹಿಡಿಯಿತು. "ಮಾವ, ಇದ್ರಲ್ಲಿ ಸಕ್ಕರೆ ಇರುತ್ತೆ, ಉಪ್ಪೂ ಇರುತ್ತೆ, ಎಂಜಿನ್ನಿಗೆ ಆಗಲ್ಲ" ಅಂತ ಮೂರನೆಯದಕ್ಕೇ ಹೇಳಿದೆ. "ಸುಸ್ತಾದೋರಿಗೆ ಎಳನೀರು ಕೊಡಿ ಅಂತ ಡಾಕ್ಟ್ರೇ ಹೇಳ್ತಾರೆ ಕಣ್ರೀ" ಅಂತ ನಾಲ್ಕನೆಯದನ್ನು ಸುರಿದರು. ತೋಟದವನು ಬಾಯಿ ತೆರೆದುಕೊಂಡು ನಿಂತಿದ್ದ.

ತಿಪಟೂರು ತಲುಪುವ ಹೊತ್ತಿಗೆ ಕಾರು ಮದುವೆಮನೆಯ ಅಡುಗೆಯ ಹಾಗೆ ಘಮಗುಟ್ಟುತ್ತಿತ್ತು. ಬೆಳಗ್ಗೆ ಎದ್ದು ನೋಡಿದರೆ ಗೇಟಿನಿಂದ ಬಾನೆಟ್ಟಿನವರೆಗೆ ಇರುವೆಗಳ ಸಾಲು. ನಮ್ಮ ಬೀದಿಯ ಗ್ಯಾರೇಜಿನ ಭಾಯಿಯನ್ನು ಕರೆದುಕೊಂಡು ಬಂದೆ. ಭಾಯಿ ಮುಚ್ಚಳ ತಿರುಗಿಸಿ ಒಳಗೆ ಬೆರಳಿಟ್ಟರು. ಬೆರಳಿಗೆ ಕಂದು ಬಣ್ಣದ ಅಂಟು ಬಂತು. ಮೂಸಿ ನೋಡಿ ಗಂಭೀರವಾಗಿ ಹೇಳಿದರು:

"ಪಾಕ ಚೆನ್ನಾಗಿ ಬಂದಿದೆ ಸಾರ್. ಏಲಕ್ಕಿ ಒಂದು ಮರ್ತಿದ್ದೀರಿ."

೨. ಅಳತೆ

ರೇಡಿಯೇಟರ್ ಮೊದಲೇ ಅರ್ಧ ಕಟ್ಟಿಕೊಂಡಿತ್ತು, ಪಾಕ ಬಿದ್ದ ಮೇಲೆ ಪೂರ್ತಿ ಕಟ್ಟಿತು, ಹೊಸದೇ ಹಾಕಬೇಕು ಎಂದು ಭಾಯಿ ತೀರ್ಮಾನ ಕೊಟ್ಟರು. ಆದರೆ ಅವರ ಅಣ್ಣನ ಮಗಳ ಮದುವೆ. ಅವತ್ತೇ ಗ್ಯಾರೇಜಿಗೆ ಬೀಗ ಹಾಕಿ ಹೊರಟಿದ್ದರು. ಶನಿವಾರ ಸಂಜೆ ವಾಪಸು ಬರುತ್ತೇನೆ, ಸೋಮವಾರ ಹಾಕಿಕೊಡುತ್ತೇನೆ ಅಂದರು.

"ಭಾನುವಾರ ಬಸ್ಸಲ್ಲಿ ಹೋಗೋಣ" ಅಂದಳು ನನ್ನ ಹೆಂಡತಿ.

"ಗಂಡಿನ ಕಡೆಯೋರು ಬಸ್ಸಿಳಿದು, ಬ್ಯಾಗ್ ಹಿಡ್ಕೊಂಡು, ಅವರ ಮನೆ ಎಲ್ಲಿ ಅಂತ ಕೇಳ್ಕೊಂಡು ಹೋಗೋದಾ? ನಿನ್ ತಮ್ಮ ಹಂಗೇ ಉಳ್ಕತಾನೆ ನೋಡು. ನಾನೂ ಅಳಿಯಂದ್ರೂ ಮನೇಲೇ ಹಾಕ್ತೀವಿ ಬುಡು" ಅಂದರು ಮಾವ. ನನ್ನನ್ನು ಯಾರೂ ಕೇಳಲಿಲ್ಲ.

ಟೇಪು ಹುಡುಕುವಷ್ಟು ತಾಳ್ಮೆ ಅವರಿಗಿಲ್ಲ. ಅಂಗಳದಲ್ಲಿ ಬಿದ್ದಿದ್ದ ತೆಂಗಿನ ಗರಿಯಿಂದ ಒಂದು ಕಡ್ಡಿ ಸೀಳಿ, ಬಾನೆಟ್ಟಿನೊಳಗೆ ಹಿಡಿದು, ಹಳೇ ರೇಡಿಯೇಟರ್‌ನ ಉದ್ದಕ್ಕೆ ಸರಿಯಾಗಿ ಮುರಿದು ಜಗುಲಿಯ ಮೇಲಿಟ್ಟರು. ಕೈ ತೊಳೆದು ಬರುವಷ್ಟರಲ್ಲಿ ಕಡ್ಡಿ ಇಲ್ಲ. ಅತ್ತೆ ಸುಮ್ಮನೆ ಕೂರುವ ಪೈಕಿ ಅಲ್ಲ. ಜಗುಲಿಯಲ್ಲಿ ಕೂತು ನಮ್ಮ ಮನೆಗೊಂದು ಪೊರಕೆ ಕಟ್ಟಿ ಮುಗಿಸಿದ್ದರು.

ನಾನು ಕಾರಿನ ಮಾಡೆಲ್ ಹೇಳಿದರೆ ಸಾಕು, ಅಂಗಡಿಯವನೇ ಕೊಡುತ್ತಾನೆ ಅಂದೆ. "ಮಾಡೆಲ್ ಕಂಪನಿಯೋರು ಇಟ್ಟಿದ್ದು. ಅಳತೆ ನಾವು ತಗಂಡಿದ್ದು. ಯಾವುದನ್ನ ನಂಬ್ತೀರಿ?" ಅಂದು ಪೊರಕೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೊರಟರು.

ಶುಕ್ರವಾರ ಬೆಳಗ್ಗೆ. ಬಿಡಿಭಾಗದ ಅಂಗಡಿಯವನು ಆಗಷ್ಟೇ ಬಾಗಿಲು ತೆಗೆದು ಊದುಬತ್ತಿ ಹಚ್ಚಿದ್ದ. ಮಾವ ಹೋದವರೇ ಗಲ್ಲಾಪೆಟ್ಟಿಗೆಯ ಪಕ್ಕ ಪೊರಕೆ ಇಟ್ಟರು.

"ಯಜಮಾನ್ರೇ, ಅಂಗಡಿ ಗುಡಿಸಿ ಆಯ್ತು" ಅಂದ ಅವನು ಎರಡು ಹೆಜ್ಜೆ ಹಿಂದೆ ಸರಿದು.

"ಗುಡಿಸೋಕಲ್ಲ ಕಣಪ್ಪ, ಅಳತೆಗೆ. ಇದ್ರಲ್ಲಿ ಒಂದು ಕಡ್ಡಿ ನಮ್ಮ ರೇಡಿಯೇಟರ್."

ಅಂಗಡಿಯವನು ನನ್ನ ಮುಖ ನೋಡಿದ. ನಾನು ಸಣ್ಣ ದನಿಯಲ್ಲಿ ಮಾಡೆಲ್ ಹೇಳಿದೆ. ಹಳೆಯದಕ್ಕಿಂತ ದಪ್ಪ ಇರುವ, ಎರಡು ಪದರದ್ದೇ ಬೇಕು ಎಂದು ಮಾವ ಹಟ ಹಿಡಿದರು. ಅದೂ ಸಿಕ್ಕಿತು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು, ಪೊರಕೆ ಬಿಚ್ಚಿ, ಒಂದೊಂದೇ ಕಡ್ಡಿಯನ್ನು ಹೊಸ ರೇಡಿಯೇಟರ್‌ಗೆ ಹಿಡಿಯತೊಡಗಿದರು. ಮೂವತ್ತನೆಯದೋ ಏನೋ ಸರಿಯಾಗಿ ಕೂತಿತು.

"ನೋಡಿದ್ರಾ, ನೂಲು ಹಿಡಿದಂಗೆ ಅದೆ."

ಅಂಗಡಿಯವನು ಕೈ ಮುಗಿದ. "ಯಜಮಾನ್ರೇ, ಇಷ್ಟು ಕಡ್ಡೀಲಿ ಹುಡುಕಿದ್ರೆ ತಿಪಟೂರಿನ ಎಲ್ಲಾ ಗಾಡಿ ಅಳತೆನೂ ಸಿಗ್ತದೆ. ಪೊರಕೆ ಇಲ್ಲೇ ಬಿಟ್ಟೋಗಿ, ನಂಗೇ ಬೇಕು."

೩. ವಿಡಿಯೊ ಹೇಳಿದಂತೆ

ಶನಿವಾರ ಮಧ್ಯಾಹ್ನ ಸ್ಕೂಲು ಮುಗಿಸಿ ಬಂದೆ. ಮುಂದಿನ ಚಕ್ರಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಫೋನಿನಲ್ಲಿ ಒಂದು ವಿಡಿಯೊ ಸಿಕ್ಕಿತು. ಕಾರೂ ನಮ್ಮದೇ ಥರದ್ದು. ಆದರೆ ತೋರಿಸುವವನು ಮಾತಾಡುವುದು ಹಿಂದಿ. ನನಗೆ ಹಿಂದಿ ಬರುವುದಿಲ್ಲ.

"ನಂಗೆ ಬತ್ತದೆ. ಕೊಬ್ಬರಿ ಮಾರ್ಕೆಟ್ಟಿಗೆ ಉತ್ತರದ ಕಡೆಯೋರು ಬತ್ತಾರಲ್ಲ, ಅವರತ್ರ ಮಾತಾಡಿ ಮಾತಾಡಿ ಕಲ್ತಿದ್ದೀನಿ" ಅಂದರು ಮಾವ. ಫೋನನ್ನು ಕಿವಿಗೆ ಹಿಡಿದು ಒಂದು ನಿಮಿಷ ಕೇಳಿದರು. "ಹೂಂ. ಮೊದಲು ಠಂಡಾ ಅಂತಾನೆ. ಏನಾರ ತಣ್ಣಗಿರೋದು ಕುಡೀಬೇಕಂತೆ."

ಬಿಸಿಲಿನ ಕೆಲಸ, ವಿಡಿಯೊದವನು ತಿಳಿದವನೇ ಇರಬೇಕು ಅಂದುಕೊಂಡೆ. ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಕುಡಿದೆವು.

ಮಾವ ಮತ್ತೆ ಕೇಳಿಸಿಕೊಂಡರು. "ಈಗ ಪಾನಿ ಅಂತಾನೆ. ನೀರೂ ಕುಡೀಬೇಕಂತೆ."

"ಈಗ ತಾನೆ ಮಜ್ಜಿಗೆ ಕುಡಿದ್ವಲ್ಲ ಮಾವ."

"ಅವನು ದಿನಾ ಈ ಕೆಲಸ ಮಾಡೋನು ಕಣ್ರೀ. ಹೇಳಿದಂಗೆ ಮಾಡಾನ." ಒಂದೊಂದು ಚೊಂಬು ನೀರು ಕುಡಿದೆವು.

ಮೂರನೇ ಸಲ ಕೇಳಿಸಿಕೊಂಡು ಮಾವ ಫೋನು ಕೆಳಗಿಟ್ಟರು. ಮುಖದಲ್ಲಿ ವಿಡಿಯೊದವನ ಬಗ್ಗೆ ಗೌರವ ಕಾಣುತ್ತಿತ್ತು. "ಆರಾಮ್ ಅಂತಾನೆ" ಅಂದು ಜಗುಲಿಯ ಮೇಲೆ ಟವೆಲ್ಲು ಹಾಸಿ ಮಲಗಿಬಿಟ್ಟರು. ಗೊರಕೆ ಶುರುವಾಯಿತು. ನಾನು ಪಕ್ಕದಲ್ಲಿ ಕಂಬಕ್ಕೆ ಒರಗಿದೆ.

ಲೋಟ ಒಯ್ಯಲು ಬಂದ ಹೆಂಡತಿ ಫೋನು ಎತ್ತಿಕೊಂಡು ಕೇಳಿದಳು. ಅವಳು ಹಿಂದಿ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದವಳು. "ಅಪ್ಪ, ಏಳಪ್ಪ. ಮೊದಲು ಎಂಜಿನ್ ತಣ್ಣಗಾಗಲಿ, ಆಮೇಲೆ ನೀರು ಇಳಿಸಿ, ಆಮೇಲೆ ನಿಧಾನಕ್ಕೆ ಬಿಚ್ಚಿ ಅಂತ ಹೇಳ್ತಾ ಇದಾನೆ."

ಮಾವ ಒಂದು ಕಣ್ಣು ತೆರೆದರು. "ನಾನೂ ಅದನ್ನೇ ಹೇಳಿದ್ದು ಕಣವ್ವ. ಕ್ರಮ ಸರಿಯಾಗೇ ಇತ್ತು. ಕಾರಿಗೆ ಹೇಳಿದ್ದನ್ನ ನಾವು ಮಾಡ್ಕಂಡ್ವಿ, ಅಷ್ಟೇಯ."

೪. ಗೂಡು

ನಿದ್ದೆ ಮುಗಿಸಿ ಎದ್ದ ಮೇಲೆ ಕೆಲಸ ಬೇಗಬೇಗ ಆಯಿತು. ಉಳಿದಿದ್ದ ಪಾಕವನ್ನು ಡಬ್ಬಕ್ಕೆ ಇಳಿಸಿದೆವು, ಪೈಪು ಕಳಚಿದೆವು, ಬೋಲ್ಟು ಬಿಚ್ಚಿದೆವು. ಹಳೇ ರೇಡಿಯೇಟರ್ ಎತ್ತಿದರೆ ಅದರ ಹಿಂದೆ ಒಂದು ಇಲಿಗೂಡು. ನಾರು, ಕೊಬ್ಬರಿ ಚೂರು, ನನ್ನ ಒಂದು ಕಾಲುಚೀಲ, ಜೊತೆಗೆ ಒಂದಷ್ಟು ಕಾಗದ. ಇಲಿ ಮನೆ ಬಿಟ್ಟು ಹೋಗಿ ಬಹಳ ದಿನವಾಗಿತ್ತು. ಎಳನೀರಿನ ಪಾಕಕ್ಕೆ ಮೊದಲೇ ಹೋಗಿದ್ದು ಅದರ ಅದೃಷ್ಟ.

ಕಾಗದ ಬಿಡಿಸಿ ನೋಡಿದೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನ ಉತ್ತರಪತ್ರಿಕೆ. ತಿಂಗಳ ಹಿಂದೆ ಅವನು, "ಸಾರ್, ನಾನು ಕೊಟ್ಟಿದ್ದೆ" ಅಂದಾಗ, "ಕೊಟ್ಟಿದ್ರೆ ಏನು ಇಲಿ ತಿಂತಾ?" ಅಂತ ಕ್ಲಾಸಿನ ಎದುರಿಗೇ ಬೈದು ಸೊನ್ನೆ ಹಾಕಿದ್ದೆ. ನಾಚಿಕೆಯಾಯಿತು. ಸೋಮವಾರ ಸ್ಕೂಲಿಗೆ ಹೋದವನೇ ಅವನನ್ನು ಕರೆದು, ಇಲಿ ಒಯ್ದಿತ್ತಪ್ಪ, ನನ್ನದೇ ತಪ್ಪು ಅಂತ ಚೂರುಗಳನ್ನು ತೋರಿಸಿದೆ.

ಅವನು ತನ್ನ ಅಕ್ಷರವನ್ನು ನೋಡಿಕೊಂಡು, "ಪರವಾಗಿಲ್ಲ ಸಾರ್. ಅದಕ್ಕೂ ಓದೋಕಾಗ್ಲಿಲ್ಲ ಅನ್ಸುತ್ತೆ, ಪೂರ್ತಿ ತಿಂದಿಲ್ಲ" ಅಂದ.

೫. ಕುದಿಯುವುದು

ಭಾನುವಾರ ತುರುವೇಕೆರೆಗೆ ಹೋಗಿ ಬಂದದ್ದು ಸುಸೂತ್ರ. ಕಾರು ಕುದಿಯಲಿಲ್ಲ, ಹುಡುಗಿಯ ಕಡೆಯವರು ಒಪ್ಪಿದರು. ಆದರೆ ಹೇಳಲೇಬೇಕಾದ್ದು ಶನಿವಾರ ಸಂಜೆಯದು.

ಹೊಸ ರೇಡಿಯೇಟರ್ ಕೂರಿಸಿ ಕೊನೆಯ ಬೋಲ್ಟು ತಿರುಗಿಸುತ್ತಿದ್ದೆವು. ಅದು ಮಾವನ ಕೈ ಜಾರಿ ಎಂಜಿನ್ನಿನ ಅಡಿಯ ತಗಡಿನೊಳಗೆ ಬಿತ್ತು. ಬಗ್ಗಿ ನೋಡಿದರೂ ಕಾಣದು, ಕೈ ಹಾಕಿದರೂ ಸಿಗದು. ನನ್ನ ಪಾಠದ ಪೆಟ್ಟಿಗೆಯಲ್ಲಿ ಕುದುರೆ ಲಾಳದಂಥ ಒಂದು ಅಯಸ್ಕಾಂತ ಇತ್ತು. ಅದಕ್ಕೆ ತೆಂಗಿನ ಹುರಿ ಕಟ್ಟಿ ಒಳಗೆ ಇಳಿಬಿಟ್ಟೆ. ಮಾವ ಕಾರಿನ ಕೆಳಗೆ ಮಲಗಿ, "ಎಡಕ್ಕೆ, ಇನ್ನೊಂಚೂರು ಎಡಕ್ಕೆ" ಅನ್ನುತ್ತಿದ್ದರು. ಅತ್ತೆಯೂ ಹೆಂಡತಿಯೂ ನೋಡಲು ಬಂದು ನಿಂತರು. ಏನೋ ಕಚ್ಚಿಕೊಂಡಿತು. ಎಳೆದೆ.

ಬೋಲ್ಟು ಬಂತು. ಅದರ ಪಕ್ಕದಲ್ಲಿ ಥಳಥಳ ಹೊಳೆಯುವ ಒಂದು ಓಲೆಯೂ ಬಂತು.

"ಅಯ್ಯೋ ಶಿವನೇ, ನನ್ನ ಓಲೆ" ಅಂದರು ಅತ್ತೆ.

ಎರಡು ವರ್ಷದ ಹಿಂದೆ ಮಾವ ತಾವೇ ಹೋಗಿ, ಅಪ್ಪಟ ಚಿನ್ನದ್ದು ಅಂತ ತಂದುಕೊಟ್ಟ ಜೋಡಿ ಅದು. ಹಿಂದಿನ ದೀಪಾವಳಿಗೆ ನಮ್ಮ ಮನೆಗೆ ಬಂದಾಗ, ಎಣ್ಣೆಸ್ನಾನಕ್ಕೆ ಮುಂಚೆ ಬಿಚ್ಚಿ ಕಿಟಕಿಯಲ್ಲಿಟ್ಟದ್ದು, ಬರುವಷ್ಟರಲ್ಲಿ ಒಂದು ಮಾಯವಾಗಿತ್ತು. ಮೋರಿ ಬಿಚ್ಚಿಸಿದ್ದೆವು, ಕಾಗೆಯ ಮೇಲೆ ಅನುಮಾನ ಪಟ್ಟಿದ್ದೆವು, ಅತ್ತೆ ಮನೆದೇವರಿಗೆ ಹರಕೆ ಹೊತ್ತಿದ್ದರು. ಇಲಿ ಒಯ್ದು ಗೂಡಿನಲ್ಲಿ ಇಟ್ಟುಕೊಂಡಿತ್ತು, ಗೂಡು ಕಿತ್ತಾಗ ಕೆಳಗೆ ಉದುರಿತ್ತು.

ಅತ್ತೆ ಓಲೆಯನ್ನು ಕಣ್ಣಿಗೊತ್ತಿಕೊಳ್ಳಲು ಹೋದರು. ಅದು ಅಯಸ್ಕಾಂತ ಬಿಟ್ಟು ಬರಲಿಲ್ಲ. ಕಿತ್ತರು. ಸ್ವಲ್ಪ ಹೊತ್ತು ನೋಡಿ, ಮತ್ತೆ ಹತ್ತಿರ ಹಿಡಿದರು. ಟಕ್. ಕಿತ್ತು ಮತ್ತೆ ಹಿಡಿದರು. ಟಕ್.

"ಅಳಿಯಂದ್ರೇ, ನೀವು ಮಕ್ಕಳಿಗೆ ಇದೇ ಪಾಠ ಮಾಡ್ತೀರಲ್ವಾ. ಇದಕ್ಕೆ ಚಿನ್ನ ಅಂಟ್ಕತದಾ?"

ಹದಿನೆಂಟು ವರ್ಷದಿಂದ ಮಕ್ಕಳಿಗೆ ಈ ಪ್ರಶ್ನೆ ಕೇಳಿದ್ದೇನೆ. ಯಾರೂ ನನ್ನನ್ನು ಕೇಳಿರಲಿಲ್ಲ. ಕೆಳಗೆ ನೋಡಿದೆ. ಸೊಂಟದವರೆಗೆ ಹೊರಗಿದ್ದ ಮಾವ ನಿಧಾನವಾಗಿ ಒಳಕ್ಕೆ ಸರಿಯುತ್ತಿದ್ದರು. ಕೊನೆಗೆ ಎರಡು ಪಾದ ಮಾತ್ರ ಕಾಣುತ್ತಿದ್ದವು.

"ಇದು ಸ್ವಲ್ಪ ಶಕ್ತಿ ಜಾಸ್ತಿ ಇರೋ ಅಯಸ್ಕಾಂತ, ಅತ್ತೆ" ಅಂದೆ. ನನ್ನ ಹೆಂಡತಿ ನನ್ನ ಕಡೆ ನೋಡಿದ ನೋಟ ಈಗಲೂ ನೆನಪಿದೆ.

"ಹೌದಾ?" ಅಂದ ಅತ್ತೆ ಕೊರಳಿನ ತಾಳಿಸರ ಹಿಡಿದು ಅಯಸ್ಕಾಂತಕ್ಕೆ ಒತ್ತಿದರು. ಅದು ಅಂಟಲಿಲ್ಲ. ಜಾರಿ ಕೆಳಗೆ ನೇತಾಡಿತು.

ಆಗ ಕಾರಿನ ಕೆಳಗಿಂದ ದನಿ ಬಂತು. "ಸರ ಅಸಲಿ ಕಣೇ. ಅದು ನಮ್ಮಪ್ಪ ಮಾಡಿಸಿದ್ದು."

ಅತ್ತೆ ಅಯಸ್ಕಾಂತವನ್ನು ಹುರಿಯ ಸಮೇತ ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಜೋಡಿಯ ಇನ್ನೊಂದು ಓಲೆಯನ್ನು ಅವರು ದೀಪಾವಳಿಯಿಂದಲೂ ನಮ್ಮ ದೇವರ ಕೋಣೆಯ ಡಬ್ಬಿಯಲ್ಲೇ ಬಿಟ್ಟಿದ್ದರು. ಎರಡು ನಿಮಿಷ ಬಿಟ್ಟು ಒಳಗಿಂದ ಸ್ಪಷ್ಟವಾಗಿ ಕೇಳಿಸಿತು. ಟಕ್. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳು ಜೋರಾಗಿ ಜಾಗ ಬದಲಾಯಿಸತೊಡಗಿದವು.

ಕೊನೆಯ ಬೋಲ್ಟನ್ನು ನಾನೇ ಹಾಕಿದೆ. ಕೂಲೆಂಟ್ ತುಂಬಿದೆ. ಎಂಜಿನ್ ಚಾಲೂ ಮಾಡುವಾಗ ಹೊರಗೆ ಬನ್ನಿ ಅಂತ ಮಾವನನ್ನು ಕೇಳಿಕೊಂಡೆ. ಬಂದು ಗೋಡೆಯ ಮರೆಗೆ ಕೂತರು. ಅರ್ಧ ಗಂಟೆ ಎಂಜಿನ್ ಓಡಿತು, ಒಂದು ತೊಟ್ಟು ಸೋರಲಿಲ್ಲ, ಮುಳ್ಳು ಅರ್ಧದಲ್ಲೇ ನಿಂತಿತ್ತು. ನನ್ನ ಕೈಯಲ್ಲಿ ಜೀವನದಲ್ಲಿ ಮೊದಲ ಸಲ ಒಂದು ರಿಪೇರಿ ಗೆದ್ದಿತ್ತು. ಹೇಳಿಕೊಳ್ಳೋಣವೆಂದರೆ ಹೆಂಡತಿ ಒಳಗೆ ಅಮ್ಮನ ಪಕ್ಷದಲ್ಲಿದ್ದಳು. ಎಂಜಿನ್ ನಿಲ್ಲಿಸಿದೆ. ತಿರುಗಿ ನೋಡುವಷ್ಟರಲ್ಲಿ ಮಾವ ಮತ್ತೆ ಕಾರಿನ ಕೆಳಗೆ ಸೇರಿದ್ದರು.

ಅಷ್ಟು ಹೊತ್ತಿಗೆ ಮದುವೆ ಮುಗಿಸಿಕೊಂಡು ಭಾಯಿ ಬಂದರು. ಮದುವೆಯ ಸಿಹಿ ಕೊಟ್ಟರು, ಬಾನೆಟ್ಟಿನೊಳಗೆ ಇಣುಕಿದರು, ಪೈಪು ಹಿಡಿದು ಅಲ್ಲಾಡಿಸಿದರು. "ಎಲ್ಲಾ ಸರಿ ಕೂತಿದೆ ಸಾರ್. ಮತ್ತೆ ಯಜಮಾನ್ರು ಕೆಳಗೆ ಏನ್ ಮಾಡ್ತಾ ಇದಾರೆ?"

ಭಾಯಿ ಕುಕ್ಕರಗಾಲಲ್ಲಿ ಕೂತು ಕೆಳಗೆ ಬಗ್ಗಿದರು. "ಯಜಮಾನ್ರೇ, ಕೆಲಸ ಮುಗೀತಲ್ಲ. ಹೊರಗೆ ಬನ್ನಿ, ಒಳಗೆ ಕೂತು ಟೀ ಕುಡಿಯೋಣ."

ಮಾವ ದನಿ ತಗ್ಗಿಸಿ ಹೇಳಿದರು. "ಕಾರಿಂದು ತಣ್ಣಗಾಯ್ತು ಕಣಪ್ಪ. ಅಡುಗೆಮನೇದು ಇನ್ನೂ ಕುದೀತಾ ಅದೆ."

ಭಾಯಿ ಅಡುಗೆಮನೆಯ ಕಡೆಗೆ ಒಂದು ಕ್ಷಣ ಕಿವಿಗೊಟ್ಟರು. ಒಂದು ದೊಡ್ಡ ಪಾತ್ರೆ ಉರುಳಿದ ಸದ್ದಾಯಿತು. ಮೂವತ್ತು ವರ್ಷ ರೇಡಿಯೇಟರ್ ಬಿಚ್ಚಿದ ಮನುಷ್ಯ ಎದ್ದು ನಿಂತು, ಪ್ಯಾಂಟು ಒದರಿಕೊಂಡು, ಕೆಳಗಿದ್ದವರಿಗೆ ಕೇಳುವಂತೆ ಹೇಳಿದರು:

"ಹಾಗಾದ್ರೆ ಅಲ್ಲೇ ಇರಿ. ಬಿಸಿ ಇದ್ದಾಗ ಮುಚ್ಚಳಕ್ಕೆ ಕೈ ಹಾಕಬಾರದು."