ಸೋಲಾರ್ ಬೇಲಿಯ ಮೇಲೆ ಒಣಗಿದ ಆನೆ

ಕಲಿತ ವಿದ್ಯೆಯನ್ನು ಬಿಟ್ಟುಬಿಡಬಹುದು ಎಂಬುದು ಶುದ್ಧ ಮೂಢನಂಬಿಕೆ. ಹನ್ನೆರಡು ವರ್ಷ ಎಲೆಕ್ಟ್ರಿಕಲ್ ಎಂಜಿನಿಯರಾಗಿ ದುಡಿದ ನಾನು ಒಂದು ಶುಭಮುಹೂರ್ತದಲ್ಲಿ ಅದನ್ನು ತ್ಯಜಿಸಿ, ಚಿತ್ರ ಬರೆದು, ಊರೂರು ಅಲೆದು, ಅಲೆದದ್ದನ್ನೆಲ್ಲ ಪುಸ್ತಕ ಮಾಡಿ, ಕಡೆಗೆ ತಾಳವಾಡಿ ಬೆಟ್ಟದ ಪಣಕಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು ಕುಳಿತಿದ್ದೇನೆ. ಪುಸ್ತಕದ ಬೆನ್ನಿಗೆ ‘ಕಲಾವಿದೆ, ಪ್ರವಾಸಿ, ಲೇಖಕಿ’ ಎಂದು ಅಚ್ಚಾಗಿದೆ. ಪ್ರಕಾಶಕರು ಅದರ ಜೊತೆಗೆ ‘ಮಾಜಿ ಎಂಜಿನಿಯರ್’ ಎಂದು ಸೇರಿಸಲು ಹೊರಟಾಗ, ‘ಮಾಜಿ ಕೈದಿ ಎಂದು ಯಾರಾದರೂ ಅಚ್ಚು ಹಾಕಿಸಿಕೊಳ್ಳುತ್ತಾರೆಯೇ?’ ಎಂದು ಗದರಿ ತೆಗೆಸಿದ್ದೆ.

ಆದರೆ ಪಣಕಹಳ್ಳಿ ಪುಸ್ತಕದ ಬೆನ್ನು ಓದುವ ಊರಲ್ಲ. ಇಲ್ಲಿ ನಾನು ‘ಎಂಜಿನೇರವ್ವ’. ಮಿಕ್ಸಿ ಮುನಿದರೂ ಮೋಟಾರು ಗೊರಗುಟ್ಟಿದರೂ ನನ್ನ ಬಾಗಿಲಿಗೇ ಬರುತ್ತವೆ. ಕುಂಚ ಹಿಡಿದ ನನ್ನನ್ನು ಕಂಡರೆ ಪಕ್ಕದ ಮನೆಯ ಮಾದಮ್ಮನಿಗೆ ಮರುಕ.

“ಇಷ್ಟೊಂದು ಓದ್ಬುಟ್ಟು ಕೂಸ್ಗಳಂಗೆ ಬಣ್ಣ ಬಳೀತಾ ಕೂತಿದ್ದೀಯಲ್ಲವ್ವ, ಕೆಲ್ಸದಿಂದ ತಗುದ್ಬುಟ್ರಾ?”

ನಾನಾಗಿಯೇ ಬಿಟ್ಟೆನೆಂದು ಹೇಳಿ, ಕಲೆಯ ಘನತೆಯ ಬಗ್ಗೆ ಒಂದು ಉಪನ್ಯಾಸವನ್ನೇ ಕೊಟ್ಟೆ. ಆಕೆ ಒಂದು ಮೊರ ಅವರೆಕಾಯಿ ಸುಲಿದು ಮುಗಿಸುವವರೆಗೂ ಕೇಳಿ, “ತಗುದೇ ಬುಟ್ಟವ್ರೆ” ಎಂದು ತೀರ್ಪಿತ್ತು ಎದ್ದುಹೋದಳು.

ಅದೇ ಮಾದಮ್ಮ ಒಂದು ಬೆಳಿಗ್ಗೆ ಓಡಿಬಂದಳು. “ರಾತ್ರಿಯೆಲ್ಲ ಸೋಲಾರ್ ಬೇಲೀಲಿ ಕರೆಂಟೇ ಇರ್ನಿಲ್ಲ ಕಣವ್ವ! ಒಲದ ಅಂಚಲ್ಲಿ ಆನ ಲದ್ದಿ ಬಿದ್ದದೆ. ಜ್ವಾಳ ಮುರಿಯೋಕೆ ಇನ್ನೆಂಟೇ ದಿನ. ಇವತ್ತು ಒಳಕ್ಕೆ ನುಗ್ಗುದ್ರೆ ನಮ್ಗೆ ದಂಟೂ ಮಿಗಕಿಲ್ಲ.”

ಆಗ ನಾನು ಬಟ್ಟೆಯ ಮೇಲೆ ನೀಲಿ ಮಂಜಿನಲ್ಲಿ ನಿಂತ ಸಲಗವೊಂದರ ದಂತ ತಿದ್ದುತ್ತಿದ್ದೆ. ಕುಳಿತಲ್ಲಿಂದಲೇ ಅಪ್ಪಣೆ ಕೊಡಿಸಿದೆ: “ತಂತಿಗೆ ಗಿಡಗಂಟಿ ತಾಗಿರುತ್ತದೆ. ನಿಮ್ಮ ಅಸಡ್ಡೆ ನನಗೆ ಗೊತ್ತಿಲ್ಲವೇ? ಮೊದಲು ಸವರಿಸಿ.”

ಆಕೆಯ ಗಂಡ ಸಿದ್ದಪ್ಪ ಸಂಜೆಯವರೆಗೆ ಬೇಲಿಯುದ್ದಕ್ಕೂ ಗಿಡ ಸವರಿದ. ಅಂಗೈಯಲ್ಲಿ ಬೊಬ್ಬೆಗಳೆದ್ದವು. ನಾನು ನೆರಳಲ್ಲಿ ಕುಳಿತು ಅವನ ಚಿತ್ರ ಬರೆದು ‘ಶ್ರಮದ ಲಯ’ ಎಂದು ಹೆಸರಿಟ್ಟೆ. ಬೇಲಿ ಮಾತ್ರ ಸತ್ತೇ ಇತ್ತು.

ಹೊತ್ತು ಇಳಿಯುತ್ತಿತ್ತು. ಬೇರೆ ದಾರಿಯಿಲ್ಲದೆ ನಾನೇ ಎದ್ದು, ಅಜ್ಞಾನಿಗಳನ್ನು ಉದ್ಧರಿಸುವ ಗಾಂಭೀರ್ಯದಿಂದ ಕಂಬದಿಂದ ಕಂಬಕ್ಕೆ ನಡೆದೆ. ನನ್ನ ಹಿತ್ತಲ ಹಿಂದೆ ಬಂದಾಗ ಗಾಂಭೀರ್ಯ ಅಲ್ಲೇ ಉದುರಿತು. ಹಗಲು ಬೇಲಿಗೆ ಕರೆಂಟು ಬಿಡುವುದಿಲ್ಲವಲ್ಲ ಎಂದು ನಾನು ಹಿಂದಿನ ದಿನ ಅದರ ಮೇಲೆಯೇ ನನ್ನ ಆನೆಯನ್ನು ಒಣಹಾಕಿದ್ದೆ. ಗಾಳಿಗೆ ಹಾರದಿರಲೆಂದು ಮೇಲಿನ ತಂತಿಗೂ ಕೆಳಗಿನ ತಂತಿಗೂ ಒಂದೇ ಕಟ್ಟುಕಂಬಿ ಬಿಗಿದಿದ್ದೆ. ಸಂಜೆ ಒಣಗಿದ ಆನೆ ಮನೆಯೊಳಗೆ ಹೋಗಿತ್ತು. ನೀಲಿ ಬಣ್ಣ ಮೆತ್ತಿದ ಕಂಬಿ ಅಲ್ಲೇ ಉಳಿದಿತ್ತು. ಮೇಲಿನದರಲ್ಲಿ ಕರೆಂಟು, ಕೆಳಗಿನದು ನೆಲಕ್ಕೆ ಇಳಿಯುವ ತಂತಿ. ಎರಡನ್ನೂ ಕೂಡಿಸಿದರೆ ಕರೆಂಟು ಆನೆಗಾಗಿ ಕಾಯದೆ ಮಣ್ಣಿಗೆ ಹೋಗುತ್ತದೆ ಎಂಬುದು ಮೊದಲ ವರ್ಷದ ಪಾಠ. ಅದರಲ್ಲಿ ನಾನು ತರಗತಿಗೇ ಮೊದಲಿಗಳು.

ಕಂಬಿ ಬಿಚ್ಚಿ ಮೆಲ್ಲಗೆ ಜೇಬಿಗಿಳಿಸಿದೆ. ಸ್ವಿಚ್ಚು ಹಾಕಿದೊಡನೆ ಬೇಲಿಗೆ ಕರೆಂಟು ಹರಿಸುವ ಪೆಟ್ಟಿಗೆ ಟಕ್ ಟಕ್ ಎನ್ನತೊಡಗಿತು. ಮಾದಮ್ಮ ಕೈಮುಗಿದಳು. “ಮುಟ್ಟುದ್ರೆ ಸಾಕು ಕಣವ್ವ ನೀನು! ಏನಾಗಿತ್ತು?”

“ಸೂಕ್ಷ್ಮ ದೋಷ,” ಎಂದೆ.

ಸಿದ್ದಪ್ಪ ಕುಡುಗೋಲು ಒರೆಸುತ್ತ ಹೇಳಿದ: “ಆ ಕಟ್ಟುಕಂಬಿ ಬಿಚ್ಬುಟ್ರಾ ಅವ್ವ? ಬೆಳಿಗ್ಗೇನೇ ಕಂಡಿದ್ದೆ. ಎಂಜಿನೇರವ್ವ ಕಟ್ಟವ್ರೆ, ಏನೋ ಲೆಕ್ಕಾಚಾರ ಇರ್ತದೆ ಅಂತ ಮುಟ್ನಿಲ್ಲ.”

ಮಾದಮ್ಮ ಮೊದಲು ಗಂಡನ ಅಂಗೈ ನೋಡಿದಳು, ಆಮೇಲೆ ನನ್ನ ನೀಲಿ ಬೆರಳು ನೋಡಿದಳು.

“ಆನ ಬರೆಯೋಕೋಗಿ ಆನಗೇ ಬಾಗ್ಲು ತಗುದಿದ್ಯಾ? ಯಾಕ್ ಕೆಲ್ಸದಿಂದ ತಗುದ್ರು ಅಂತ ಈಗ ಗೊತ್ತಾಯ್ತು ಬುಡು.”

ಜೋಳ ಒಂದು ತೆನೆಯೂ ಹಾಳಾಗದೆ ಅವರ ಮನೆ ಸೇರಿತು. ಕುಡುಗೋಲು ನನ್ನ ಮನೆ ಸೇರಿತು. ಬೇಲಿಯ ಕೆಳಗೆ ಗಿಡ ಸವರುವುದು ಈಗ ನನ್ನ ಪಾಲಿನ ಕೆಲಸ. ಶ್ರಮಕ್ಕೆ ಯಾವ ಲಯವೂ ಇಲ್ಲವೆಂದು ತಿಳಿದಿದೆ. ಹೊಸ ಪುಸ್ತಕದ ಬೆನ್ನಿಗೆ ಏನು ಹಾಕಲಿ ಎಂದು ಪ್ರಕಾಶಕರು ಕೇಳಿದ್ದಾರೆ. ‘ಮಾಜಿ ಎಂಜಿನಿಯರ್’ ಎಂದೇ ಹಾಕಿ, ‘ಮಾಜಿ’ ಎಂಬುದು ಮಾತ್ರ ದಪ್ಪಕ್ಷರದಲ್ಲಿರಲಿ ಎಂದು, ಬೊಬ್ಬೆ ಎದ್ದ ಕೈಯಲ್ಲೇ ಉತ್ತರ ಬರೆದಿದ್ದೇನೆ.