ಇಪ್ಪತ್ತು ಬೈ ಐವತ್ತು

“ಒಂದು ಏಸಿ ಫಿಲ್ಟರ್ ಬದಲಿಸ್ಲಿಕ್ಕೆ ಟೆಕ್ನಿಶಿಯನ್ ಯಾಕೆ? ಈ ಮನೆಯಲ್ಲಿ ಗಂಡಸು ಅಂತ ಒಬ್ಬ ಇಲ್ವಾ?”

ಅಬ್ದುಲ್ ರವೂಫ್ ಹೀಗೆಂದು ಚಹಾದ ಗ್ಲಾಸನ್ನು ಮೇಜಿನ ಮೇಲೆ ಕುಕ್ಕಿದಾಗ, ದೋಸೆ ಮಗುಚುತ್ತಿದ್ದ ಹೆಂಡತಿ ಸುಮೀನಾಳ ಕೈ ಅಲ್ಲೇ ನಿಂತಿತು. ರವೂಫ್ ತನ್ನನ್ನು ತಾನು ಗಂಡಸೆಂದು ಘೋಷಿಸಿಕೊಂಡಾಗಲೆಲ್ಲ ಮನೆಯಲ್ಲಿ ಏನಾದರೊಂದು ಮುರಿದಿದೆ ಎಂಬುದು ಅವಳ ಅನುಭವ. ಸಿಂಕಿನ ನಲ್ಲಿ ಹೋದದ್ದು ಹಾಗೆಯೇ. ಮಗ ಝಿಯಾದನ ಸೈಕಲ್ ಹೋದದ್ದೂ ಹಾಗೆಯೇ.

“ಬಿಲ್ಡಿಂಗಿನವರು ಸೋಮವಾರ ಜನ ಕಳಿಸ್ತೇವೆ ಅಂತ ಹೇಳಿದ್ದಾರಲ್ಲ ಮಾರಾಯ್ರೇ.”

“ನಿನ್ನ ಉಮ್ಮ ಬರುವುದು ನಾಳೆ ಸಂಜೆ! ಸೋಮವಾರದವರೆಗೆ ಅವರನ್ನು ಏರ್‌ಪೋರ್ಟಲ್ಲೇ ಕೂರಿಸುವುದಾ?”

ಅವಸರ ಸುಮೀನಾಗೂ ಇತ್ತು. ಯಾಕೆಂದರೆ ಇದು ಬರೀ ಏಸಿಯ ಪ್ರಶ್ನೆಯಲ್ಲ. ಅವಳ ತಾಯಿ ಖತೀಜಮ್ಮ ಉಳ್ಳಾಲದಿಂದ ಜೀವಮಾನದಲ್ಲೇ ಮೊದಲ ಬಾರಿ ವಿಮಾನ ಹತ್ತಿ ಬರುತ್ತಿದ್ದರು. ಅವರಿಗೆ ಧೂಳೆಂದರೆ ಆಗದು. ಒಂದು ಕಣ ಮೂಗಿಗೆ ಹೋದರೂ ಸೀನುಗಳ ಮೆರವಣಿಗೆ ಶುರು! ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿರುವ ಹಿರಿಯ ಮಗಳು ಹಸೀನ ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. “ನೋಡು ಸುಮೀ, ನಿಮ್ಮ ದುಬೈಯ ಇಂಟರ್‌ನ್ಯಾಷನಲ್ ಸಿಟಿ ಅಂದರೆ ಮರಳುಗಾಡಿನ ಬಾಯಿ. ನಮ್ಮಲ್ಲಿ ಧೂಳಿನ ಸುದ್ದಿಯೇ ಇಲ್ಲ. ಉಮ್ಮ ಮೊದಲು ನಿಮ್ಮಲ್ಲಿಗೇ ಬರಲಿ, ಬೇಡ ಅನ್ನುವುದಿಲ್ಲ. ಒಂದು ಸೀನು ಬಂತಾ, ಕಾರಿನಲ್ಲಿ ಕೂರಿಸಿಕೊಂಡು ನಾವು ಹೊರಟೆವು!” ಎಂದು ಫೋನಿನಲ್ಲೇ ಕರಾರು ಮಾಡಿಬಿಟ್ಟಿದ್ದಳು.

ಸುಮೀನಾಗೆ ಉಮ್ಮ ಬೇಕಿತ್ತು. ಝಿಯಾದ್ ಹುಟ್ಟಿದಾಗಲೂ ಬರಲಾಗದ ಉಮ್ಮ, ಈಗ ಬರುತ್ತಿರುವ ಉಮ್ಮ, ಇಲ್ಲಿರುವಷ್ಟೂ ದಿನ ತನ್ನ ಜತೆಗೇ ಇರಬೇಕೆಂದು ಅವಳಿಗೆ ಆಸೆ. ಅದಕ್ಕಾಗಿ ಪರದೆ ಒಗೆದಿದ್ದಳು, ಬೆಡ್‌ಶೀಟಿಗೆ ಇಸ್ತ್ರಿ ಹಾಕಿದ್ದಳು, ಕುರ್ಚಿಯ ಕಾಲುಗಳನ್ನೂ ಬಿಡದೆ ಒರೆಸಿದ್ದಳು. ರವೂಫನಿಗೆ ಇದೆಲ್ಲ ಕಾಣುತ್ತಿತ್ತು. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಬೇಕಾದಷ್ಟಿತ್ತು. ಆದರೆ ಆ ಪ್ರೀತಿ ಹೊರಗೆ ಬರುವಾಗ ಯಾವಾಗಲೂ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬರುತ್ತಿತ್ತು. ಜೊತೆಗೆ ಷಡ್ಡಕ ನೌಶಾದನ ಮುಂದೆ ತಲೆ ತಗ್ಗಿಸಬಾರದೆಂಬ ಹಟ ಬೇರೆ. ಬ್ಯಾರಿಗಳ ಮನೆಯಲ್ಲಿ ಅಳಿಯನೆಂದರೆ ಸಾಮಾನ್ಯವೇ? ಮದುವೆಯಾಗಿ ಎಷ್ಟು ವರ್ಷವಾದರೂ ಅವನು ‘ಪುದಿಯಾಪ್ಳೆ’, ಅಂದರೆ ಮದುಮಗ! ಮದುಮಗನ ಮನೆಯಲ್ಲಿ ಅತ್ತೆ ಸೀನುವುದೆಂದರೇನು?

ಹಾಲ್‌ನ ಚಾವಣಿಯಲ್ಲಿ, ಸೋಫಾದ ನೆತ್ತಿಗೆ ಸರಿಯಾಗಿ ಏಸಿಯ ಜಾಲರಿ. ಫಿಲ್ಟರ್ ಅದರ ಹಿಂದೆ. ರವೂಫ್ ಸ್ಟೂಲು ಹತ್ತಿದ, ಬಿಸ್ಮಿಲ್ಲಾ ಎಂದ, ಸ್ಕ್ರೂ ಬಿಚ್ಚಿದ, ಜಾಲರಿ ಎಳೆದ. ಅಷ್ಟೇ! ದುಬೈಯಲ್ಲಿ ಈ ಕೆಲವು ವರ್ಷಗಳಲ್ಲಿ ಎದ್ದ ಬಿರುಗಾಳಿಗಳೆಲ್ಲ ಒಟ್ಟಿಗೆ ಅವನ ತಲೆಯ ಮೇಲೆ ಇಳಿದವು. ಹಳೆಯ ಫಿಲ್ಟರ್ ಕೈಗೆ ಬರುವ ಮೊದಲೇ ಪುಡಿಪುಡಿಯಾಗಿ ಸೋಫಾ, ಪರದೆ, ಇಸ್ತ್ರಿಯ ಬೆಡ್‌ಶೀಟು ಎಲ್ಲದರ ಮೇಲೆ ಸಮಾನವಾಗಿ ಹಂಚಿಹೋಯಿತು.

“ಉಪ್ಪಾ, ಯೂ ಲುಕ್ ಲೈಕ್ ಗ್ರ್ಯಾಂಡ್‌ಪಾ!” ಎಂದ ಝಿಯಾದ್ ಅಪ್ಪನ ಸುತ್ತ ಕುಣಿಯುತ್ತ.

ಸುಮೀನಾ ಪೊರಕೆ ತಂದಳು. ಅವಳು ಬೈದಿದ್ದರೆ ರವೂಫನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂಗಡಿಗೆ ತೋರಿಸಲು ಹಳೆಯ ಫಿಲ್ಟರ್ ಉಳಿದಿರಲಿಲ್ಲ. ಆದ್ದರಿಂದ ಅಳತೆ ತೆಗೆಯಬೇಕಾಯಿತು. ಸುಮೀನಾಳ ಹೊಲಿಗೆ ಡಬ್ಬಿಯಿಂದ ಟೇಪು ಬಂತು. ರವೂಫ್ ಒಂದು ಬದಿ ಅಳೆದ: ಇಪ್ಪತ್ತು. ಅಷ್ಟರಲ್ಲಿ ಟೇಪು ಕೈಜಾರಿ ಕೆಳಗೆ ಬಿತ್ತು. ಝಿಯಾದ್ ಎತ್ತಿ ಕೊಟ್ಟ. ಇನ್ನೊಂದು ಬದಿ ಅಳೆದ: ಐವತ್ತು. “ಇಪ್ಪತ್ತು ಬೈ ಐವತ್ತು!” ಎಂದು ಸ್ಟೂಲಿನ ಮೇಲಿಂದಲೇ ಕೂಗಿದ.

“ಸರಿಯಾಗಿ ನೋಡಿದ್ದೀರಾ?” ಕೆಳಗಿನಿಂದ ಸುಮೀನಾ ಕೇಳಿದಳು.

“ನಾನು ಟೈರ್ ಕಂಪೆನಿಯ ಸ್ಟೋರ್‌ಕೀಪರ್! ದಿನಕ್ಕೆ ಎಷ್ಟು ಸೈಜ್ ನೋಡ್ತೇನೆ ಗೊತ್ತುಂಟಾ?”

ಹೊರಗೆ ಆಗಸ್ಟ್ ತಿಂಗಳ ಬಿಸಿಲು. ರವೂಫ್ ಮೊದಲು ಕೆಳಗಿನ ಅಂಗಡಿಗೆ ಹೋದ. “ಫಿಲ್ಟರ್ ಮಾಫಿ,” ಎಂದ ಅಂಗಡಿಯವ. ಪಕ್ಕದ ಅಂಗಡಿ. “ಮಾಫಿ.” ಅದರಾಚೆಯದು. “ಮಾಫಿ, ಮಾಫಿ.” ನಮ್ಮೂರಲ್ಲಿ ಸರಕಾರ ಸಾಲ ಮಾಫಿ ಎಂದರೆ ಜನ ಪಟಾಕಿ ಹೊಡೆಯುತ್ತಾರೆ. ಇಲ್ಲಿನ ಅರಬಿಯಲ್ಲಿ ಮಾಫಿ ಎಂದರೆ ‘ಇಲ್ಲ, ಮುಂದೆ ನಡಿ’. ಅಷ್ಟು ಮಾಫಿ ಸಿಕ್ಕರೂ ಬಡವನಾಗಿಯೇ ಉಳಿದ ರವೂಫ್ ಬಸ್ಸು ಹಿಡಿದು ದೇರಾ ಪೇಟೆಗೆ ಹೋದ.

ದೇರಾದಲ್ಲಿ ಏಸಿ ಸಾಮಾನಿನ ಅಂಗಡಿಯೊಂದು ಸಿಕ್ಕಿತು. ಹೇಳಿದ ಅಳತೆಗೆ ಫಿಲ್ಟರ್ ಕತ್ತರಿಸಿ, ಅಲ್ಯೂಮಿನಿಯಂ ಚೌಕಟ್ಟು ಹಾಕಿ ಕೊಡುವ ಅಂಗಡಿ. ಅದರ ಮಲಯಾಳಿ ಮಾಲೀಕ ಕನ್ನಡಕದ ಮೇಲಿಂದ ನೋಡುತ್ತ ಕೇಳಿದ: “ಸೈಜ್?”

“ಇಪ್ಪತ್ತು ಬೈ ಐವತ್ತು.”

“ಇಂಚಾ, ಸೆಂಟಿಮೀಟರಾ?”

ಈ ಒಂದು ಪ್ರಶ್ನೆಗೆ ರವೂಫ್ ಒಂದು ಕ್ಷಣ ಯೋಚಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಯೋಚಿಸಿದರೆ ಗೊತ್ತಿಲ್ಲವೆಂದು ತಿಳಿದುಬಿಡುತ್ತಾರಲ್ಲ! “ಇಂಚು!” ಎಂದ ಎದೆಯುಬ್ಬಿಸಿ.

“ಮನೆಗಾ, ಮಸೀದಿಗಾ?”

“ಮನೆಗೇ! ನೀವು ಮಾಡಿ.”

ಫಿಲ್ಟರ್ ಒಳಗಿನಿಂದ ಬಂತು. ಇಬ್ಬರು ಹಿಡಿದುಕೊಂಡು ಬಂದರು. ನಿಲ್ಲಿಸಿದರೆ ಅದರ ತಲೆ ರವೂಫನ ಎದೆಗೆ ಬರುತ್ತಿತ್ತು. ಅವನಿಗೂ ಒಳಗೊಳಗೇ ಸಂಶಯ ಬಂತು. ಆದರೆ ಅದಕ್ಕೆ ಅವನಲ್ಲೇ ಸಮಾಧಾನವೂ ಇತ್ತು. ಎತ್ತರದಲ್ಲಿರುವ ವಸ್ತು ಕೆಳಗಿನಿಂದ ಚಿಕ್ಕದಾಗಿ ಕಾಣುವುದು ಸಹಜ, ಚಂದ್ರನೂ ಹಾಗೆಯೇ ಅಲ್ಲವೇ ಎಂದುಕೊಂಡ. ಸ್ಟೂಲು ಹತ್ತಿ ಹತ್ತಿರದಿಂದ ನೋಡಿದ್ದು ತಾನೇ ಎಂಬುದು ಆಗ ನೆನಪಾಗಲಿಲ್ಲ.

ಬಸ್ಸಿನವನು ಹತ್ತಿಸಲಿಲ್ಲ. ಮೊದಲ ಟ್ಯಾಕ್ಸಿಯವನು ನೋಡಿಯೇ ಗಾಡಿ ಓಡಿಸಿದ. ಕೊನೆಗೊಬ್ಬ ಪಠಾಣ್ ಡ್ರೈವರ್ ಕನಿಕರಪಟ್ಟು ನಿಲ್ಲಿಸಿದ. ಫಿಲ್ಟರಿನ ಒಂದು ತುದಿ ಹಿಂದಿನ ಗಾಜಿಗೆ, ಇನ್ನೊಂದು ತುದಿ ಡ್ರೈವರನ ಕಿವಿಗೆ.

“ಭಾಯ್, ಯೇ ದರ್ವಾಜಾ ಹೈ?”

“ನಹೀ, ಏಸಿ ಕಾ ಫಿಲ್ಟರ್.”

ಡ್ರೈವರ್ ಕನ್ನಡಿಯಲ್ಲಿ ಅವನನ್ನು ಹೊಸ ಗೌರವದಿಂದ ನೋಡಿದ. “ಮಾಶಾಲ್ಲಾ! ಕಿತನಾ ಬಡಾ ಘರ್ ಹೋಗಾ!”

ಒಂದು ಬೆಡ್‌ರೂಮಿನ ಫ್ಲ್ಯಾಟಿನ ಬಾಗಿಲು ತೆರೆದ ಸುಮೀನಾ ಗಂಡನನ್ನು ನೋಡಲಿಲ್ಲ. ಗಂಡ ಕಾಣುತ್ತಲೇ ಇರಲಿಲ್ಲ. ಬಾಗಿಲಿನ ಎದುರು ಇನ್ನೊಂದು ಬಾಗಿಲು ನಿಂತಿತ್ತು.

“ಇದೆಂತದು?”

“ಫಿಲ್ಟರ್,” ಎಂದಿತು ಬಾಗಿಲು.

“ಏಸಿಗಾ? ಇದರೊಳಗೆ ಏಸಿಯನ್ನೇ ಇಟ್ಟು ಕಟ್ಟಬಹುದಲ್ಲ ಮಾರಾಯ್ರೇ!”

ಸುಮೀನಾ ಚಾವಣಿಯ ತೂತನ್ನು ನೋಡಿದಳು. ಫಿಲ್ಟರ್ ನೋಡಿದಳು. ತೂತು ನೋಡಿದಳು. ಆಮೇಲೆ ಮೇಜಿನ ಮೇಲಿದ್ದ ಟೇಪನ್ನು ಎತ್ತಿ ಗಂಡನ ಮೂಗಿನ ಮುಂದೆ ತಿರುಗಿಸಿದಳು. ಒಂದು ಮಗ್ಗುಲಲ್ಲಿ ಇಂಚು. ಇನ್ನೊಂದು ಮಗ್ಗುಲಲ್ಲಿ ಸೆಂಟಿಮೀಟರ್.

“ಇಪ್ಪತ್ತು ಇಂಚು ಅಂದರೂ ಐವತ್ತು ಸೆಂಟಿಮೀಟರ್ ಅಂದರೂ ಒಂದೇ ಅಲ್ವಾ? ಅದು ಚೌಕ! ನಾಲ್ಕೂ ಬದಿ ಸಮ! ಕಣ್ಣಿಗೆ ಕಾಣುವುದಿಲ್ವಾ? ಒಂದು ಬದಿ ಅಳೆದು ಸುಮ್ಮನಿದ್ದರೆ ಸಾಕಿತ್ತು!”

ರವೂಫ್ ಬೆವರು ಒರೆಸಿಕೊಂಡ. ಸೋಲೊಪ್ಪುವುದು ಅವನ ಜಾಯಮಾನವಲ್ಲ. “ನಿನಗೆ ಗೊತ್ತಿಲ್ಲ. ನಮ್ಮ ಟೈರಿನಲ್ಲಿ ಎಲ್ಲವೂ ಹೀಗೆಯೇ. ಟೈರಿನ ಅಗಲ ಮಿಲಿಮೀಟರಿನಲ್ಲಿ, ಅದು ಕೂರುವ ರಿಮ್ ಇಂಚಿನಲ್ಲಿ. ಇಡೀ ಜಗತ್ತು ಒಪ್ಪಿದೆ! ಯಾರೂ ಹೆಂಡತಿಯ ಹತ್ತಿರ ಬೈಸಿಕೊಳ್ಳಲಿಲ್ಲ.”

“ಹಾಗಾದರೆ ಟೈರನ್ನೇ ತಂದು ಸಿಕ್ಕಿಸಿ! ರೌಂಡಾಗಿಯಾದರೂ ಇರ್ತದೆ!”

ಸುಮೀನಾ ಅಡುಗೆಮನೆಗೆ ಹೋದಳು. ಕಣ್ಣೊರೆಸಿಕೊಂಡದ್ದು ಈರುಳ್ಳಿಯಿಂದಲ್ಲ ಎಂಬುದು ರವೂಫನಿಗೆ ತಿಳಿಯಿತು. ಅವನಿಗೆ ನಿಜಕ್ಕೂ ದುಃಖವಾಯಿತು. ದುಃಖವಾದಾಗ ಸುಮ್ಮನೆ ಕೂರುವವನಾಗಿದ್ದರೆ ಅವನು ರವೂಫ್ ಹೇಗಾಗುತ್ತಿದ್ದ? ಅವನು ಕತ್ತರಿ ಹುಡುಕಿದ.

ಮರುದಿನ ಬೆಳಗ್ಗೆ ಚೌಕಟ್ಟು ಕಳಚಿ ದಪ್ಪನೆಯ ಆ ಬಿಳಿ ಹಾಸನ್ನು ಕತ್ತರಿಸಿದರೆ, ಆಹಾ, ಒಂದಲ್ಲ, ಎರಡು ಚೌಕಗಳು! ಜೊತೆಗೆ ಒಂದು ತುಂಡು ಉಳಿಕೆ. ರವೂಫನ ಬುದ್ಧಿ ಮತ್ತೆ ಚುರುಕಾಯಿತು. ಒಂದು ಫಿಲ್ಟರ್ ಇಷ್ಟು ಧೂಳು ತಡೆದರೆ ಎರಡು ಎಷ್ಟು ತಡೆಯಬೇಕು? ಎರಡನ್ನೂ ಒಂದರ ಮೇಲೊಂದು ಇಟ್ಟ. ಉಳಿದ ತುಂಡನ್ನು ಬಿಸಾಡಲು ಮನಸ್ಸು ಬರಲಿಲ್ಲ. ಅದನ್ನೂ ಸಂದಿಗೆ ತುರುಕಿದ. ಜಾಲರಿ ಕೂರಿಸಿ ಸುತ್ತಲೂ ಅಂಟುಪಟ್ಟಿ ಅಂಟಿಸಿದ. “ಇನ್ನು ಧೂಳು ಅಲ್ಲ, ಜಿನ್ನು ಕೂಡ ಒಳಗೆ ಬರುವುದಿಲ್ಲ,” ಎಂದ.

“ಗಾಳಿ ಬರ್ತದಾ?” ಎಂದಳು ಸುಮೀನಾ.

ಅವನು ಕೇಳಿಸದವನಂತೆ ಏಸಿಯನ್ನು ಅತಿ ತಂಪಿಗೆ ತಿರುಗಿಸಿ, ಅತ್ತೆ ಬರುವಾಗ ಮನೆ ಊಟಿಯಾಗಿರಬೇಕೆಂದು ಹಾಗೆಯೇ ಬಿಟ್ಟು, ಎಲ್ಲರನ್ನೂ ಹೊರಡಿಸಿಕೊಂಡು ಏರ್‌ಪೋರ್ಟಿಗೆ ಹೋದ. ವಿಮಾನ ತಡವಾಗಿ ಬಂತು. ಖತೀಜಮ್ಮ ಬಂದರು. ತಾಯಿ ಮಗಳು ತಬ್ಬಿಕೊಂಡು ಅತ್ತರು. ಅಬುಧಾಬಿಯಿಂದ ಹಸೀನ ಮತ್ತು ನೌಶಾದ್ ದೊಡ್ಡ ಕಾರು ತಂದಿದ್ದರು. “ಊಟಕ್ಕೆ ನಿಮ್ಮಲ್ಲಿಗೇ ಬರುವಾ. ಉಮ್ಮನ ಪೆಟ್ಟಿಗೆ ನಮ್ಮ ಕಾರಲ್ಲೇ ಇರಲಿ, ಏನಾಗ್ತದೋ ಯಾರಿಗೆ ಗೊತ್ತು,” ಎಂದಳು ಹಸೀನ.

ಮನೆಯ ಬಾಗಿಲು ತೆರೆದರೆ ಊಟಿಯೂ ಇಲ್ಲ, ಗಾಳಿಯೂ ಇಲ್ಲ! ಹೊರಗಿನ ಸೆಕೆಯೇ ಒಳಗೆ ಕಾಲು ಚಾಚಿ ಕೂತಿತ್ತು. ಏಸಿ ಮಾತ್ರ ಎಲ್ಲೋ ಒಳಗಿನಿಂದ ನರಳುತ್ತಿತ್ತು.

“ಈಗ ಸರಿಯಾಗ್ತದೆ, ಈಗ ಸರಿಯಾಗ್ತದೆ,” ಎನ್ನುತ್ತ ರವೂಫ್ ಅದನ್ನು ಆಫ್ ಮಾಡಿದ, ಆನ್ ಮಾಡಿದ, ಮತ್ತೆ ಆಫ್ ಮಾಡಿದ. ಅತ್ತೆಯನ್ನು ಗೌರವದಿಂದ ಜಾಲರಿಯ ಕೆಳಗೇ ಕೂರಿಸಿದ. ಮೊದಲ ಗಾಳಿ ಅವರಿಗೇ ಸಿಗಲಿ ಎಂದು!

ಖತೀಜಮ್ಮ ಶರಬತ್ತು ಕುಡಿಯುತ್ತಿದ್ದವರು ತಲೆ ಮುಟ್ಟಿ ನೋಡಿಕೊಂಡರು. ಮೇಲೆ ನೋಡಿದರು.

“ಎಂತ ಸುಮೀ, ಇಲ್ಲಿ ಮಳೆ ಬರುವುದಿಲ್ಲ ಅಂತ ಹೇಳಿದ್ದಲ್ಲ ನೀನು?”

ಇನ್ನೊಂದು ಹನಿ. ಮತ್ತೊಂದು. ಆಮೇಲೆ ಎಣಿಸುವ ಹಾಗಿರಲಿಲ್ಲ. ಸುಮೀನಾ ತಾಯಿಯನ್ನು ಪಕ್ಕದ ಕುರ್ಚಿಗೆ ಎಳೆದಳು. ನೌಶಾದ್ ಸ್ಟೂಲು ಹತ್ತಿದ. ರವೂಫ್ ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡ. ಅಂಟುಪಟ್ಟಿ ಕಿತ್ತದ್ದೇ ತಡ, ನೀರು ಕುಡಿದು ಊದಿದ್ದ ಮೂರೂ ತುಂಡುಗಳು ಜಾಲರಿ ಸಮೇತ ಧೊಪ್ಪನೆ ರವೂಫನ ತಲೆಯ ಮೇಲೆ ಬಿದ್ದವು. ಹಿಂದೆಯೇ ಒಂದು ಬೊಗಸೆ ಐಸ್!

“ರವೂಫ್, ನೀನು ಏಸಿಗೆ ಹಾಸಿಗೆ ಹಾಸಿದ್ದಾ?” ಮೇಲಿನಿಂದ ನೌಶಾದ್ ಕೇಳಿದ. “ಗಾಳಿಗೆ ದಾರಿಯೇ ಇಲ್ಲ. ಒಳಗೆಲ್ಲ ಐಸ್ ಕಟ್ಟಿಹೋಗಿದೆ!”

ಐಸಿನ ಜೊತೆ ಮೂಲೆಯಲ್ಲಿ ಅಡಗಿದ್ದ ಹಳೆಯ ಧೂಳೂ ಇಳಿದಿತ್ತು. ಖತೀಜಮ್ಮನ ಮೂಗು ನಡುಗಿತು. ಎಲ್ಲರೂ ಉಸಿರು ಬಿಗಿಹಿಡಿದರು.

“ಆಕ್ಷೀ!”

“ಖಲಾಸ್!” ಹಸೀನ ಎದ್ದೇ ಬಿಟ್ಟಳು. “ಯಲ್ಲಾ ಉಮ್ಮ, ಹೊರಡುವಾ.”

ಸುಮೀನಾ ತಾಯಿಯ ಕೈ ಬಿಡಲಿಲ್ಲ. ಅವಳ ಮುಖ ನೋಡಿ ರವೂಫನ ಗಂಡಸುತನವೆಲ್ಲ ಐಸಿನ ಜೊತೆ ಕರಗಿಹೋಯಿತು. ತೊಟ್ಟಿಕ್ಕುತ್ತಿದ್ದ ಗಡ್ಡವನ್ನು ಒರೆಸಿಕೊಂಡು ಅವನು ಸಣ್ಣ ದನಿಯಲ್ಲಿ ಹೇಳಿದ: “ಸುಮೀನಾಳದ್ದು ಏನೂ ತಪ್ಪಿಲ್ಲ ಮಾಮಿ. ಅವಳು ಎಲ್ಲ ಚಂದ ಮಾಡಿ ಇಟ್ಟಿದ್ದಳು. ಹಾಳು ಮಾಡಿದ್ದು ನಾನು. ಬಿಲ್ಡಿಂಗಿನವರು ನಾಳೆ ಬರ್ತಾರೆ, ಅಷ್ಟರವರೆಗೆ ನಿಮಗೆ ಇಲ್ಲಿ ಕಷ್ಟ.”

ಖತೀಜಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಸುತ್ತ ನೋಡಿದರು. ಚಾವಣಿಯಲ್ಲಿ ತೂತು, ಸೋಫಾದ ಮೇಲೆ ಕೊಳ, ಗೋಡೆಗೆ ಒರಗಿಸಿಟ್ಟ ಬಾಗಿಲಿನಷ್ಟು ದೊಡ್ಡ ಖಾಲಿ ಚೌಕಟ್ಟು. ಆಮೇಲೆ ಹಿರಿಯ ಮಗಳ ಕಡೆ ತಿರುಗಿದರು.

“ನಿಮ್ಮಲ್ಲಿ ಏಸಿ ಸರಿ ಉಂಟಾ?”

“ಫಸ್ಟ್ ಕ್ಲಾಸ್ ಉಂಟು ಉಮ್ಮ!”

“ನೌಶಾದ್ ಅದನ್ನು ಬಿಚ್ಚುವುದುಂಟಾ?”

“ಛೇ, ಇಲ್ಲ. ಅವರು ಒಂದು ಬಲ್ಬನ್ನೂ ಮುಟ್ಟುವುದಿಲ್ಲ.”

“ಹಾಗಾದರೆ ಅಲ್ಲಿ ನನಗೆಂತ ಕೆಲಸ? ಪೆಟ್ಟಿಗೆ ಮೇಲೆ ತನ್ನಿ. ನಾನು ಇಲ್ಲೇ ಇರ್ತೇನೆ. ಈ ಮನೆಯಲ್ಲಿ ನೋಡಿಕೊಳ್ಳುವವರು ಒಬ್ಬರು ಬೇಕು.”

ಸುಮೀನಾ ಅಳುತ್ತಲೇ ನಕ್ಕಳು. ತಾಯಿಯ ಹೆಗಲಿಗೆ ತಲೆಯಿಟ್ಟು ಕೇಳಿದಳು: “ಝಿಯಾದನನ್ನಾ ಉಮ್ಮ? ಅವನು ಈಗ ದೊಡ್ಡವನಾಗಿದ್ದಾನೆ.”

“ಅವನನ್ನಲ್ಲ ಮಗಳೇ,” ಎಂದು ಖತೀಜಮ್ಮ ಟವೆಲ್ ಎತ್ತಿಕೊಂಡು, ಅಳಿಯನ ತಲೆಯನ್ನು ತಾವೇ ಒರೆಸತೊಡಗಿದರು. “ಇವರನ್ನು!”