ತಲೆನೋವಿಗೊಂದು ಪುರಾವೆ

ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವ ಅಕ್ಕನಿಗೆ ಆ ಬೆಳಿಗ್ಗೆ ಎಡಗಣ್ಣಿನ ಅಂಚಿನಲ್ಲಿ ಮಿಣಮಿಣ ಬೆಳಕು ಕುಣಿಯಿತು. ಮೈಗ್ರೇನ್ ಬರುವ ಸೂಚನೆ. ಬೇರೆ ದಿನವಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಇವತ್ತು ಮಾತ್ರ, ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಖುಷಿಯಿಂದ ಪೆನ್ನು ಮುಚ್ಚಿದಳು.

ಕಾರಣ ಇಷ್ಟೇ. ತಿಂಗಳಿಗೆರಡು ಸಲ ಅವಳು ತಲೆನೋವೆಂದು ರಜೆ ಕೇಳುವುದು, ಮ್ಯಾನೇಜರು ಅರ್ಜಿ ವಾಪಸು ಕೊಡುವುದು ವರ್ಷಗಳಿಂದ ನಡೆದಿತ್ತು. "ಜ್ವರ ಬಂದ್ರೆ ಥರ್ಮಾಮೀಟರ್ ಹೇಳತ್ತೆ. ನಿಮ್ಮ ತಲೆನೋವಿಗೆ ಏನಮ್ಮಾ ಪುರಾವೆ?" ಎನ್ನುತ್ತಿದ್ದರು. ಈಗ ದೊಡ್ಡಾಸ್ಪತ್ರೆಯಲ್ಲಿ ಹೆಂಗಸರ ಮೈಗ್ರೇನ್ ಬಗ್ಗೆ ಅಧ್ಯಯನ ನಡೆದಿತ್ತು. ನೋವಿಲ್ಲದಾಗ ಅವಳ ಮಿದುಳಿನ ಚಿತ್ರ ಒಂದು ತೆಗೆದಾಗಿತ್ತು. ಇನ್ನೊಂದಕ್ಕೆ ನೋವಿರುವಾಗಲೇ ಬರಬೇಕು, ಮಾತ್ರೆ ನುಂಗಕೂಡದು ಎಂದು ಡಾಕ್ಟರಮ್ಮನ ಷರತ್ತು. ಚಿತ್ರದ ಪ್ರತಿ ಕೊಡುತ್ತೇನೆಂದೂ ಹೇಳಿದ್ದರು.

ಆದರೆ ನಾಲ್ಕು ಜನರ ನಡುವೆ ತಲೆನೋವನ್ನು ಕಾಪಾಡಿಕೊಳ್ಳುವುದು ಸುಲಭವೇ? ಸ್ಟೋರ್ ನೋಡಿಕೊಳ್ಳುವ ದೊಡ್ಡಮ್ಮ ಹಣೆಗೆ ಮುಲಾಮು ತಿಕ್ಕಲು ಬಂದರು. ಮೆಕ್ಯಾನಿಕ್ ಮಾತ್ರೆ, ನೀರು ಹಿಡಿದು ಬಾಗಿಲಿಗೆ ಅಡ್ಡ ನಿಂತ.

"ನುಂಗಕ್ಕಾ, ಹತ್ತೇ ನಿಮಿಷದಲ್ಲಿ ಮಂಗಮಾಯ."

"ಬೇಡಪ್ಪಾ, ಹೋಗ್ಬಿಡತ್ತೆ."

"ಹೋಗ್ಲಿ ಅಂತಾನೇ ಅಲ್ವಾ ನುಂಗೋದು?"

"ನಂಗೆ ಅದು ಬೇಕು. ಬಿಡು ದಾರಿ."

"ಪಾಪ, ಬುದ್ಧಿಗೇ ಬಡಿದಿದೆ ಕಣೋ," ಎಂದರು ದೊಡ್ಡಮ್ಮ.

ಅಂತೂ ತುಂಬಿದ ಹಾಲಿನ ಪಾತ್ರೆ ಹೊತ್ತವಳ ಹಾಗೆ ಕುತ್ತಿಗೆ ಅಲುಗಿಸದೆ ಆಸ್ಪತ್ರೆ ಸೇರಿದಳು. ದಾರಿಯಲ್ಲಿ ಎರಡು ಸಲ ವಾಂತಿಯಾಯಿತು. ಯಂತ್ರದೊಳಗೆ ಮಲಗಿದಾಗ ಅದರ ಒಂದೊಂದು ಸದ್ದೂ ತಲೆಗೆ ಮೊಳೆ ಹೊಡೆಯಿತು. ಹಲ್ಲು ಕಚ್ಚಿ ಸಹಿಸಿದಳು.

ಮಾತ್ರೆ ನುಂಗಿ ನೋವು ಇಳಿದ ಮೇಲೆ ಡಾಕ್ಟರಮ್ಮ ಪರದೆಯ ಮೇಲೆ ಎರಡು ಚಿತ್ರ ತೋರಿಸಿದರು. ಮಿದುಳಿನ ತುಂಬ ಬಣ್ಣದ ಗೆರೆಗಳು.

"ಇದು ನೋವಿಲ್ಲದ ದಿನದ್ದು, ಇದು ಇವತ್ತಿಂದು. ಮಿದುಳಿನ ಜಾಗಗಳು ಒಂದಕ್ಕೊಂದು ಮಾತಾಡೋ ರೀತೀನೇ ಬದಲಾಗಿದೆ ನೋಡಿ. ಇಲ್ಲಿ ಹೆಚ್ಚಿದೆ, ಅಲ್ಲಿ ಕಮ್ಮಿಯಾಗಿದೆ."

ಇಪ್ಪತ್ತು ವರ್ಷ ಬಸ್ಸುಗಳ ದಾರಿ ಗೀಚಿದ ಕೈ ಅವಳದು. ಇಂಥ ನಕ್ಷೆ ಕಂಡಿರಲಿಲ್ಲ. ತನ್ನ ಇಷ್ಟು ಪುಟ್ಟ ತಲೆಯೊಳಗೆ ಒಂದು ಮಹಾನಗರವೇ ಓಡಾಡುತ್ತಿದೆ, ನೋವು ಬಂದರೆ ಹೇಳದೆ ಕೇಳದೆ ದಾರಿ ಬದಲಿಸಿಕೊಳ್ಳುತ್ತದೆ! ಮೈ ಜುಮ್ಮೆಂದು ಕಣ್ಣಲ್ಲಿ ನೀರು ಬಂತು. "ಇದು ನಂದೇನಾ ಡಾಕ್ಟ್ರೇ?" ಎಂದು ಎರಡು ಸಲ ಕೇಳಿದಳು.

ಸಂಜೆ ಮ್ಯಾನೇಜರು ಚಿತ್ರಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ತೆಗೆದರು, ಮತ್ತೆ ಹಾಕಿದರು. ಕೊನೆಗೆ ಕುರ್ಚಿಯಿಂದ ಎದ್ದೇ ನಿಂತರು.

"ಅಬ್ಬಬ್ಬಾ, ಎಷ್ಟೊಂದು ಮಾರ್ಗ! ನಮ್ಮ ಡಿಪೋದಲ್ಲೂ ಇಷ್ಟಿಲ್ಲ. ನೋವು ಬಂದ ದಿನ ನಿಮ್ಮ ತಲೆ ಹೊಸ ದಾರೀನೇ ಹುಡುಕತ್ತಲ್ಲಮ್ಮಾ. ಸುಳ್ಳು ಅಂದಿದ್ದು ನಂದೇ ತಪ್ಪು."

ಅಕ್ಕ ಹಿಗ್ಗಿನಿಂದ ರಜೆ ಅರ್ಜಿ ಮುಂದಿಟ್ಟಳು. ಅವರು ಇನ್ನೊಮ್ಮೆ ಭಕ್ತಿಯಿಂದ ಚಿತ್ರ ನೋಡಿ, ಅರ್ಜಿಯ ಮೇಲೆ ಬರೆದು ಸಹಿ ಹಾಕಿದರು:

"ನೋವಿಲ್ಲದ ದಿನ ರಜೆಗೆ ಅಡ್ಡಿಯಿಲ್ಲ. ನೋವಿರುವ ದಿನ ಹಾಜರಿ ಕಡ್ಡಾಯ. ಹೊಸ ಮಾರ್ಗಗಳ ವೇಳಾಪಟ್ಟಿಯನ್ನು ಅಂದೇ ಬರೆಯತಕ್ಕದ್ದು."